ಇಂದುಮತಿ ತೆರೆದಿಟ್ಟುಹೋದ ಅಂಚುಗಳು

ನಮ್ಮ ಊರಿನಲ್ಲಿ ಒಬ್ಬರು ತೆರೆದದ್ದನ್ನು ಇನ್ನೊಬ್ಬರಿಂದ ಮುಚ್ಚಲಿಕ್ಕೆ ಆಗುವುದಿಲ್ಲ. ಹೊರಗಿನವರಿಗೆ ಇದನ್ನು ಹೇಳಿದರೆ ನಗುತ್ತಾರೆ. ನಗಲಿ, ನಕ್ಕವರ ಹಲ್ಲು ಕಾಣುತ್ತದೆ ಅಷ್ಟೇ, ನಮಗೇನೂ ನಷ್ಟವಿಲ್ಲ. ಬಾಗಿಲಾಗಲಿ, ಡಬ್ಬಿಯಾಗಲಿ, ನಲ್ಲಿಯಾಗಲಿ, ಕೊಡೆಯಾಗಲಿ, ತೆರೆದ ಕೈಯೇ ಬಂದು ಮುಚ್ಚಬೇಕು. ಹೀಗಾಗಿ ನಮ್ಮ ಹೆಂಗಸರು ನಲ್ಲಿ ತಿರುಗಿಸುವ ಮೊದಲು ಒಲೆಯ ಮೇಲೆ ಹಾಲಿದೆಯೇ, ಬಾಗಿಲಲ್ಲಿ ಯಾರಾದರೂ ಕರೆಯುತ್ತಿದ್ದಾರೆಯೇ ಎಂದು ನೋಡಿಕೊಂಡೇ ತಿರುಗಿಸುತ್ತಾರೆ. ಉಪ್ಪಿನಕಾಯಿಯ ಭರಣಿ ತೆರೆದ ಸೊಸೆ ಹೆರಿಗೆಗೆಂದು ತವರಿಗೆ ಹೊರಟುಬಿಟ್ಟರೆ, ಮನೆಯವರೆಲ್ಲ ಸೇರಿ ಬೂಷ್ಟು ಹಿಡಿಯುವ ಮೊದಲೇ ಅದನ್ನು ತಿಂದು ಮುಗಿಸುತ್ತಾರೆ. ಕಾಯಿಲೆ ಬಿದ್ದ ಮುದುಕರು, ಇನ್ನು ತಾವು ಏಳುವುದಿಲ್ಲ ಎಂದು ಗೊತ್ತಾದ ಕೂಡಲೇ, ಯಾರದಾದರೂ ಹೆಗಲು ಹಿಡಿದು ಮನೆಯೆಲ್ಲ ಒಂದು ಸುತ್ತು ಬಂದು, ತಾವು ತೆರೆದ ಪೆಟ್ಟಿಗೆ ಕಪಾಟುಗಳನ್ನೆಲ್ಲ ಮುಚ್ಚಿ ಆಮೇಲೆ ಮಲಗುತ್ತಾರೆ. ನಮ್ಮಪ್ಪನಿಗೆ ಅಷ್ಟು ಪುರುಸೊತ್ತು ಸಿಗಲಿಲ್ಲ. ಅವನು ತೆರೆದ ನೀಲಿಯ ತೊಟ್ಟಿ ಇವತ್ತಿಗೂ ಹಾಗೇ ಇದೆ, ಮುಚ್ಚಳ ಇಟ್ಟರೆ ಪಕ್ಕಕ್ಕೆ ಜಾರುತ್ತದೆ. ನಾನು ಅದರಲ್ಲೇ ನೂಲು ಅದ್ದುತ್ತೇನೆ. ನನ್ನ ಹೆಸರು ಮಾನಪ್ಪ. ನೇಕಾರರ ಸೊಸೈಟಿಯ ಬಣ್ಣದ ಮನೆ ನನ್ನದು. ಸೊಸೈಟಿಯವರೆಲ್ಲ ಚಹಾ ಕುಡಿಯಲು ಬರುವುದು ನನ್ನ ಕಟ್ಟೆಗೇ, ಆದ್ದರಿಂದ ಅಲ್ಲಿಯ ಸುದ್ದಿ ನಾನು ಕೇಳದಿದ್ದರೂ ನನ್ನ ಕಿವಿಗೆ ಬೀಳುತ್ತದೆ.

ಊರು ಬಿಟ್ಟು ಹೋಗುವವರು, ಮರಳಿ ಬರುವ ಮನಸ್ಸಿದ್ದರೆ, ಏನಾದರೊಂದನ್ನು ತೆರೆದಿಟ್ಟು ಹೋಗುವುದು ನಮ್ಮಲ್ಲಿ ಪದ್ಧತಿ. ಮದುವೆಯಾಗಿ ಹೋಗುವ ಹುಡುಗಿ ಒಂದು ಸಣ್ಣ ಡಬ್ಬಿ, ದೂರದ ಕೆಲಸಕ್ಕೆ ಹೋಗುವ ಗಂಡಸು ಒಂದು ಗೂಡಿನ ಕದ. ಮನೆಯವರು ಹೋಗುತ್ತ ಬರುತ್ತ ಅದನ್ನು ನೋಡಿ ಸಮಾಧಾನ ಪಡುತ್ತಾರೆ. ನೆಂಟಸ್ತನ ಕಡಿದುಹೋಗಲಿ ಎಂದು ಸಿಟ್ಟಿಗೆ ಬಂದಾಗ ಮಾತ್ರ "ನೀ ತೆರೆದದ್ದು ನೀನ ಬಂದು ಮುಚ್ಚಿ ಹೋಗು" ಎನ್ನುತ್ತಾರೆ. ನಮ್ಮ ಊರಿನಲ್ಲಿ ಇದಕ್ಕಿಂತ ಕೆಟ್ಟ ಬೈಗುಳ ಇಲ್ಲ. ಸಣ್ಣ ಜಗಳಗಳಲ್ಲಿ ಯಾರೂ ಇದನ್ನು ಆಡುವುದಿಲ್ಲ.

ಇನ್ನು ಶಾಂಭವಿಯ ವಿಷಯ. ಸೊಸೈಟಿಯ ಎರಡು ಕಂಪ್ಯೂಟರುಗಳನ್ನು ನೋಡಿಕೊಳ್ಳುವುದು ಅವಳ ಕೆಲಸ. ಒಂದು ನಕ್ಷೆಯ ಕೋಣೆಯಲ್ಲಿದೆ, ವಿಂಡೋಸ್ ನಡೆಸುವಂಥದ್ದು, ಪರದೆ ತುಂಬ ಬಣ್ಣ. ಸೀರೆಯ ಅಂಚು, ಸೆರಗುಗಳ ನಕ್ಷೆ ಬಿಡಿಸುವುದು ಅದರಲ್ಲೇ. ಇನ್ನೊಂದು ನೂಲಿನ ಗೋದಾಮಿನಲ್ಲಿದೆ, ಯುನಿಕ್ಸ್ ಎಂಬ ಹಳೆಯ ಕುಲದ್ದು, ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ ಬಿಟ್ಟು ಬೇರೇನೂ ತೋರಿಸದ ಬಿಗುಮಾನದ ಯಂತ್ರ. ನಕ್ಷೆಗೆ ಯಾವ ಎಳೆ ಏಳಬೇಕೆಂದು ಮಗ್ಗಕ್ಕೆ ಹೇಳುವ ರಟ್ಟುಗಳಿಗೆ ತೂತು ಹೊಡೆಯುವ ಯಂತ್ರ ಇದರ ಮಾತನ್ನಷ್ಟೇ ಕೇಳುತ್ತದೆ. ಎರಡರ ನಡುವೆ ಬೇವಿನ ಮರವನ್ನು ಹಾದುಬಂದ ಒಂದು ತಂತಿ. ದಿನವೂ ಮಧ್ಯಾಹ್ನ ಮಗ್ಗಗಳು ಊಟಕ್ಕೆ ನಿಂತಾಗ ಯುನಿಕ್ಸು ಆ ತಂತಿಯ ಮೇಲೆ ಬಂದು, ವಿಂಡೋಸು ಹಂಚಿಟ್ಟ ಫೋಲ್ಡರಿನೊಳಗೆ ಕೈಹಾಕಿ, ಇದ್ದಬದ್ದ ನಕ್ಷೆಗಳನ್ನೆಲ್ಲ ನಕಲು ಮಾಡಿಕೊಂಡು ಹೋಗಬೇಕು. ಒಂದು ಕೆಟ್ಟರೂ ಇನ್ನೊಂದರಲ್ಲಿ ಉಳಿದಿರಲಿ ಎಂದು ಈ ಏರ್ಪಾಡು. ಆದರೆ ಇವೆರಡರ ಸಂಬಂಧ ಹೊಸ ಬೀಗರದ್ದಿದ್ದ ಹಾಗೆ, ಒಬ್ಬರ ಪದ್ಧತಿ ಇನ್ನೊಬ್ಬರಿಗೆ ಹಿಡಿಸುವುದಿಲ್ಲ. ಒಮ್ಮೆ ಎರಡರ ಗಡಿಯಾರಗಳು ಬೇರೆ ಬೇರೆ ಹೊತ್ತು ತೋರಿಸಿ, ಹೊಸದಾಗಿ ತಿದ್ದಿದ ನಕ್ಷೆಯನ್ನು ಯುನಿಕ್ಸು ಹಳೆಯದೆಂದು ಬಿಟ್ಟುಬಂತು. ಇನ್ನೊಮ್ಮೆ ಕೋತಿ ತಂತಿ ಕಿತ್ತದ್ದು ಯಾರಿಗೂ ತಿಳಿಯದೆ, ಖಾಲಿ ಫೋಲ್ಡರನ್ನೇ ಭಕ್ತಿಯಿಂದ ನಕಲು ಮಾಡಿ "ಎಲ್ಲ ಸರಿಯಾಗಿದೆ" ಎಂದು ಬರೆದಿಟ್ಟಿತ್ತು. ಶಾಂಭವಿ ಇಬ್ಬರು ಬೀಗರ ನಡುವೆ ಓಡಾಡುವ ಸೋದರತ್ತೆಯ ಹಾಗೆ ಅಲ್ಲೊಂದು ಮಾತು ಇಲ್ಲೊಂದು ಮಾತು ಹೇಳಿ ರಾಜಿ ಮಾಡಿಸುತ್ತಿದ್ದಳು. ಅವಸರ ಮಾಡುವ ಜಾತಿಯವಳಲ್ಲ. ಬೇಜಾರಾದರೆ ಮೂಗಿನ ತುದಿ ಉಜ್ಜಿಕೊಳ್ಳುತ್ತಾಳೆ, ಅಷ್ಟೇ.

ನಕ್ಷೆಯ ಕೋಣೆಯಲ್ಲಿ ಅವಳ ಪಕ್ಕದ ಕುರ್ಚಿ ಇಂದುಮತಿಯದು. ಇಂದುಮತಿ ನಕ್ಷೆಗಾರ್ತಿ, ಶಾಂಭವಿಗಿಂತ ಚಿಕ್ಕವಳು, ಬಾಯಿ ಮಾತ್ರ ದೊಡ್ಡದು. ಶಾಂಭವಿಯ ಮನೆಯಲ್ಲಿ ಗಂಡನಿಗೆ ಮಾತು ಕಡಿಮೆ, ಅತ್ತೆಗೆ ಕಿವಿ ಕೇಳದು. ಹಾಗಾಗಿ ಅವಳು ಇಡೀ ದಿನದ ಮಾತನ್ನೆಲ್ಲ ಸೊಸೈಟಿಗೆ ಕಟ್ಟಿಕೊಂಡು ಬಂದು ಇಂದುಮತಿಯ ಮುಂದೆ ಬಿಚ್ಚುತ್ತಿದ್ದಳು. ಇಬ್ಬರದೂ ಒಂದೇ ಬುತ್ತಿ. ಒಬ್ಬಳು ರೊಟ್ಟಿ ತಂದರೆ ಇನ್ನೊಬ್ಬಳು ಪಲ್ಯ. ನಾನು ಬಣ್ಣದ ಕೈ ತೊಳೆದುಕೊಂಡು ಹೋಗುವಷ್ಟರಲ್ಲಿ ಇಬ್ಬರೂ ಯಾವುದೋ ಮಾತಿಗೆ ನಗುತ್ತ ಕಣ್ಣೊರೆಸಿಕೊಳ್ಳುತ್ತಿರುತ್ತಿದ್ದರು. ಏನೆಂದು ಕೇಳಿದರೆ ಮತ್ತೊಮ್ಮೆ ನಗುತ್ತಿದ್ದರೇ ಹೊರತು ಹೇಳುತ್ತಿರಲಿಲ್ಲ.

ಇಂದುಮತಿ ಒಂದು ದೊಡ್ಡ ಕೆಲಸ ಹಚ್ಚಿಕೊಂಡಿದ್ದಳು. ನಮ್ಮ ಹಳೆಯ ಅಂಚುಗಳ ರಟ್ಟುಗಳನ್ನು ಗೆದ್ದಲು ತಿಂದುಹಾಕಿತ್ತು. ಅವಳು ಮನೆಮನೆಗೆ ಹೋಗಿ, ಅಜ್ಜಿಯರ ಟ್ರಂಕಿನಲ್ಲಿದ್ದ ಸೀರೆಗಳನ್ನು ಮಡಿಲ ಮೇಲೆ ಹರವಿಕೊಂಡು, ಎಳೆ ಎಳೆ ಲೆಕ್ಕ ಹಾಕಿ, ಮರೆತೇಹೋಗಿದ್ದ ಅಂಚುಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಿದಳು. ಎಲ್ಲವನ್ನೂ ಒಂದೇ ಫೈಲಿನಲ್ಲಿ. "ಬಿಡಿಬಿಡಿ ಇಟ್ರ ಒಂದಿಲ್ಲೊಂದು ಕಳೀತಾವ ಅಕ್ಕಾ, ಒಂದು ಗಂಟಿನಾಗ ಇರಲಿ" ಎನ್ನುತ್ತಿದ್ದಳಂತೆ. ಕೆಲಸ ಇನ್ನೇನು ಮುಗಿಯಿತು ಎಂದು ಅವಳು ಆ ಫೈಲನ್ನು ಮೊದಲ ಸಲ ಹಂಚಿಟ್ಟ ಫೋಲ್ಡರಿಗೆ ಹಾಕಿದ ದಿನವೇ ದೂರದ ಊರಿನಲ್ಲಿದ್ದ ಅವಳ ಅಣ್ಣನ ಹೆಂಡತಿ ತೀರಿಕೊಂಡ ಸುದ್ದಿ ಬಂತು. ಮೂರು ಸಣ್ಣ ಮಕ್ಕಳು. ಇಂದುಮತಿ ಕೂತ ಕುರ್ಚಿಯಿಂದ ಎದ್ದು, ಹೊರಡುತ್ತಿದ್ದ ಬಸ್ಸಿಗೆ ಕೈಮಾಡಿ ಹತ್ತಿದಳು. ದಿನಕರ್ಮ ಕಳೆದ ಮೇಲೆ ಬರುತ್ತೇನೆ ಎಂದವಳು ಆ ಮಕ್ಕಳನ್ನು ಬಿಟ್ಟುಬರಲಾರದೆ ಅಲ್ಲೇ ಉಳಿದಳು.

ಆ ದಿನ ಮಧ್ಯಾಹ್ನ ಯುನಿಕ್ಸು ನಕಲು ಮುಗಿಸಿ ಕೊನೆಯಲ್ಲಿ ಒಂದು ಸಾಲು ಬರೆಯಿತು: ಹಳೆ ಅಂಚುಗಳ ಫೈಲನ್ನು ಇಂದುಮತಿ ತೆರೆದಿದ್ದಾಳೆ, ಆದ್ದರಿಂದ ನಕಲು ಮಾಡಲಾಗಲಿಲ್ಲ. ಮರುದಿನವೂ ಅದೇ ಸಾಲು. ಬೇರೆ ಊರಿನ ಯಾವ ಕಂಪ್ಯೂಟರಿನವರಾದರೂ ಇದನ್ನು ನೋಡಿ ಗಾಬರಿಯಾಗುತ್ತಿದ್ದರು. ನಮ್ಮ ಊರಿನವಳಾದ ಶಾಂಭವಿ ಅದನ್ನು ಓದಿ ಕಣ್ಣು ತುಂಬಿಕೊಂಡಳು. ತೆರೆದಿಟ್ಟು ಹೋಗಿದ್ದಾಳೆ ಎಂದರೆ ಬರುತ್ತಾಳೆ! ಓಡಿಬಂದು ನನಗೂ ಹೇಳಿದಳು. ನಾನು ಎಲ್ಲರಿಗೂ ಹೇಳಿದೆ. ಅಂದಿನಿಂದ ಚಹಾದ ಹೊತ್ತಿಗೆ ಯಾರಾದರೊಬ್ಬರು "ಏನ್ರೀ ಶಾಂಭವಕ್ಕ, ಇನ್ನೂ ತೆರದೈತೇನು?" ಎನ್ನುವುದು, ಅವಳು "ತೆರದೈತ್ರಿ" ಎನ್ನುವುದು, ನಾವೆಲ್ಲ ತೃಪ್ತಿಯಿಂದ ಬಿಸ್ಕತ್ತು ಅದ್ದಿಕೊಳ್ಳುವುದು ರೂಢಿಯಾಯಿತು. ಒಂದು ದೀಪಾವಳಿ ಹೋಗಿ ಇನ್ನೊಂದು ಬಂದರೂ ಆ ಸಾಲು ತಪ್ಪಲಿಲ್ಲ. ಕರೆಂಟು ಹೋದರೆ ಊರೆಲ್ಲ ಆರಿದರೂ ನಕ್ಷೆಯ ಕೋಣೆಯ ಕಂಪ್ಯೂಟರು ಮಾತ್ರ ಉರಿಯುತ್ತಲೇ ಇರುತ್ತಿತ್ತು, ಯಾಕೆಂದರೆ ಅದನ್ನು ಹಚ್ಚಿದವಳೂ ಇಂದುಮತಿಯೇ. ಉಳಿದವರು ಅದೇ ಯಂತ್ರದಲ್ಲಿ ತಮ್ಮ ತಮ್ಮ ಹೆಸರು ಹೇಳಿ ಕೆಲಸ ಮಾಡುತ್ತಿದ್ದರು. ಇಂದುಮತಿಯ ಪರದೆ ಹಿಂದೆಲ್ಲೋ ಪಾಸ್‌ವರ್ಡಿನ ಬೀಗ ಹಾಕಿಕೊಂಡು ಕೂತಿತ್ತು.

ಹೀಗಿರುವಾಗ ಕೋಣೆಯಲ್ಲಿ ಹಲ್ಲಿ ಲೊಚಗುಟ್ಟತೊಡಗಿತು. ಸೊಸೈಟಿಯ ಅಧ್ಯಕ್ಷರು ಗುರುಪಾದಪ್ಪನವರು, ಮೊದಲು ಒಳ್ಳೆಯ ನೇಕಾರರು, ಈಗ ಒಳ್ಳೆಯ ಭಾಷಣಕಾರರು. ಅವರು ನಕ್ಷೆಯ ಕೋಣೆಯಲ್ಲಿ ನಿಂತು "ಈ ವರ್ಷ ನಮ್ಮ ಸೀರಿಗೆ ಭಾಳ ಛಲೋ ಕಾಲ ಬರ್ತೈತಿ" ಎಂದಾಗ ಲೊಚ್ ಲೊಚ್ ಎಂದಿತು. ಎಲ್ಲರೂ ನೆಲ ಮುಟ್ಟಿ "ಸತ್ಯ, ಸತ್ಯ" ಎಂದರು. ಅವರು ಇನ್ನೊಂದು ಮಾತು ಹೇಳಿದರು, ಹಲ್ಲಿ ಅದಕ್ಕೂ ಹೂಂ ಎಂದಿತು. ಗುರುಪಾದಪ್ಪನವರಿಗೆ ಖುಷಿಯೋ ಖುಷಿ. ಅಂದಿನಿಂದ ಸಭೆಗಳನ್ನೆಲ್ಲ ನಕ್ಷೆಯ ಕೋಣೆಯಲ್ಲೇ ನಡೆಸತೊಡಗಿದರು. ತಾನು ಹೇಳಿದ್ದಕ್ಕೆಲ್ಲ ಸತ್ಯದ ಮುದ್ರೆ ಬೀಳುವಾಗ ಯಾರು ತಾನೇ ಬೇಡ ಎನ್ನುತ್ತಾರೆ? ಕೊನೆಗೆ ಶಾಂಭವಿಯೇ ಮೇಜಿನ ಕೆಳಗೆ ಬಗ್ಗಿ ಕಂಪ್ಯೂಟರಿನ ಡಬ್ಬಕ್ಕೆ ಕಿವಿ ಹಚ್ಚಿ, ಮೂಗು ಉಜ್ಜಿಕೊಳ್ಳುತ್ತ ಎದ್ದು ನಿಂತಳು.

"ಹಲ್ಲಿ ಅಲ್ರೀ ಯಜಮಾನ್ರ. ಇದರ ಒಳಗಿನ ಡಿಸ್ಕು ಸಾಯಾಕ ಹತ್ತೈತಿ."

ಗುರುಪಾದಪ್ಪನವರ ಮುಖ ಸಪ್ಪಗಾಯಿತು. ಆದರೆ ಹಳೆಯ ನೇಕಾರರು, ಹೊಟ್ಟೆಯ ವಿಷಯ ಬಂದಾಗ ಭಾಷಣ ಮರೆಯುತ್ತಾರೆ. "ಸಾಯಲಿ ಬಿಡು, ಹೊಸಾದು ತರಸೋಣು. ಎಲ್ಲಾ ಗೋದಾಮಿನ್ಯಾಗ ನಕಲು ಐತೆಲ್ಲ?"

"ಎಲ್ಲಾ ಐತ್ರಿ," ಎಂದಳು ಶಾಂಭವಿ. ಆಮೇಲೆ ನಿಧಾನವಾಗಿ, "ಒಂದು ಬಿಟ್ಟು" ಎಂದಳು.

ಆಗ ನಮಗೆಲ್ಲ ಒಮ್ಮೆಲೇ ಹೊಳೆಯಿತು. ಇಷ್ಟು ಕಾಲ ಒಳ್ಳೆಯ ಶಕುನವೆಂದು ಬಿಸ್ಕತ್ತು ತಿಂದುಕೊಂಡು ಕೇಳುತ್ತಿದ್ದ ಸಾಲಿನ ಇನ್ನೊಂದು ಅರ್ಧವನ್ನು ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಊರಿನ ಹಳೆಯ ಅಂಚುಗಳೆಲ್ಲ ಆ ಒಂದು ಫೈಲಿನಲ್ಲಿದ್ದವು, ಅದು ಮಾತ್ರ ಎಲ್ಲಿಯೂ ನಕಲಾಗಿರಲಿಲ್ಲ. ಆ ಅಜ್ಜಿಯರಲ್ಲಿ ಎಷ್ಟೋ ಜನ ಈಗ ಇಲ್ಲ, ಅವರ ಸೀರೆಗಳು ಅವರ ಜೊತೆಗೇ ಹೋದವು. ನಮ್ಮ ಸೀರೆಯನ್ನು ಜನ ಕೊಳ್ಳುವುದೇ ಅಂಚು ನೋಡಿ. ಗೆದ್ದಲಿಗೆ ಸಿಗದೆ ಮಗ್ಗದ ಮೇಲೆ ಉಳಿದ ಕೆಲವು ರಟ್ಟುಗಳೂ ಸವೆದು ತೂತು ದೊಡ್ಡದಾಗುತ್ತಿವೆ. ಹೊಸ ರಟ್ಟು ಹೊಡೆಯಲು ಆ ಫೈಲೇ ಬೇಕು.

ಶಾಂಭವಿ ಕೆಲಸಕ್ಕೆ ಕೂತಳು. ಮೊದಲು ವಿಂಡೋಸಿನಲ್ಲಿ ಯಾರು ಯಾವ ಫೈಲು ತೆರೆದಿದ್ದಾರೆ ಎಂದು ತೋರಿಸುವ ಪಟ್ಟಿ ತೆಗೆದು, ಇಂದುಮತಿಯ ಹೆಸರಿನ ಮುಂದೆ 'ಮುಚ್ಚು' ಎಂಬುದನ್ನು ಒತ್ತಿದಳು. ಮುಚ್ಚಿದೆ ಎಂದಿತು. ಮತ್ತೆ ನೋಡಿದರೆ ತೆರೆದೇ ಇತ್ತು. ಅದು ಹಾಗೇ ಆಗುತ್ತದೆಂದು ಅವಳಿಗೂ ಗೊತ್ತಿತ್ತು, ಆದರೂ ಮಾಡಿ ನೋಡಿದಳು. ಇಂದುಮತಿಗೆ ಹೊಸ ಪಾಸ್‌ವರ್ಡು ಕೊಟ್ಟಳು. ಆಯಿತು ಎಂದ ಯಂತ್ರ, ಬೀಗ ಹಾಕಿಕೊಂಡ ಪರದೆಗೆ ಬಂದಾಗ ಹಳೆಯದೇ ಬೇಕು ಎಂದಿತು. ತೆರೆದ ಫೈಲಿನ ನೆರಳಿನ ಹಾಗೆ ಒಂದು ಪ್ರತಿ ತೆಗೆಯುವ ಉಪಾಯ ವಿಂಡೋಸಿನಲ್ಲಿದೆಯಂತೆ. ಅದನ್ನೂ ಮಾಡಿದಳು. ನೆರಳೇನೋ ಬಿತ್ತು, ಆದರೆ ನಕಲು ಅರ್ಧಕ್ಕೆ ಬಂದು ನಿಂತಿತು. ಡಿಸ್ಕಿನಲ್ಲಿ ಆ ಜಾಗವೇ ಹುಳುಕಾಗಿತ್ತು. ಕೊನೆಗೆ ಕಂಪ್ಯೂಟರು ಮಾರಿದ ಅಂಗಡಿಯವನಿಗೆ ಫೋನ್ ಮಾಡಿದಾಗ ಅವನು "ಪ್ಲಗ್ ಕಿತ್ತು ಮತ್ತೆ ಹಾಕಿ ಮೇಡಂ, ಎಲ್ಲ ಸರಿಹೋಗುತ್ತೆ" ಎಂದನಂತೆ. ಶಾಂಭವಿ ಅವನಿಗೆ ವಂದನೆ ಹೇಳಿ ಫೋನ್ ಇಟ್ಟಳು.

"ಇನ್ನ ಒಂದ ದಾರಿ," ಎಂದರು ಗುರುಪಾದಪ್ಪನವರು. "ಇಂದುಮತೀನ ಕರಸಬೇಕು. ಆಕಿನ ಬಂದು ಮುಚ್ಚಿ ಹೋಗ್ಲಿ. ನಾ ಫೋನ್ ಹಚ್ಚಲೇನು?"

ಬಾಗಿಲ ಬಳಿ ನಿಂತವರು ಒಂದು ಹೆಜ್ಜೆ ಹಿಂದೆ ಸರಿದರು. ಅಧ್ಯಕ್ಷರಿಗೂ ತಾವು ಏನು ಹೇಳಿದೆವೆಂದು ಹೇಳಿದ ಮೇಲೆ ಗೊತ್ತಾಗಿ ಟೋಪಿ ತೆಗೆದು ಮತ್ತೆ ಹಾಕಿಕೊಂಡರು. ಶಾಂಭವಿ ಹೇಳಿದಳು, "ಬ್ಯಾಡ್ರಿ. ಹೇಳೂದಿದ್ರ ನಾನ ಹೇಳ್ತೀನಿ."

ಹೇಳಲು ಅವಳಿಗೆ ಸುಲಭವಿರಲಿಲ್ಲ. ಮಧ್ಯಾಹ್ನ ನನ್ನ ಕಟ್ಟೆಯ ಮೇಲೆ ಬಂದು ಕೂತಳು, ಚಹಾ ಆರಿಹೋಯಿತು. "ಮಾನಪ್ಪಣ್ಣ, ಅಂಚು ಉಳಿಸಿದ್ರ ಆಕಿ ಹೋಗ್ತಾಳ. ಆಕೀನ ಉಳಿಸಿಕೊಂಡ್ರ ಅಂಚು ಹೋಗ್ತಾವ. ಊರಾಗಿನ ಮಗ್ಗ ಎಲ್ಲಾ ನನ್ನ ಕಡೆ ನೋಡಾಕತ್ತಾವ. ನಾ ಏನ್ ಮಾಡ್ಲಿ?" ನಾನು ಇನ್ನೊಂದು ಚಹಾ ಮಾಡಿಕೊಟ್ಟೆ. ಅವಳು ಅದನ್ನು ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡು, ಅಲ್ಲೇ ಕೂತು ಫೋನ್ ಹಚ್ಚಿದಳು. ಆ ಕಡೆಯಿಂದ ಒಂದು ಮಗು ಅಳುವುದು, ಇನ್ನೊಂದು ತಟ್ಟೆ ಬಡಿಯುವುದು ನನಗೂ ಕೇಳಿಸಿತು. ಶಾಂಭವಿ ಎಲ್ಲ ಹೇಳಿದಳು, ಡಿಸ್ಕು ಕೆಟ್ಟದ್ದು, ನೆರಳು ಅರ್ಧಕ್ಕೆ ನಿಂತದ್ದು, ಹಲ್ಲಿಯ ಕಥೆ. ಹಲ್ಲಿಯ ಕಥೆಗೆ ಆ ಕಡೆ ಜೋರಾಗಿ ನಗು. 'ಮುಚ್ಚು' ಎಂಬ ಮಾತು ಬರುವ ಕಡೆಯೆಲ್ಲ ಅವಳು ಬೇರೆ ಮಾತು ಹಾಕಿ ದಾಟಿಬಿಡುತ್ತಿದ್ದಳು.

"ಪಾಸ್‌ವರ್ಡು ಹೇಳಿಬಿಡು ಇಂದೂ, ನೀ ಬರೂ ತ್ರಾಸ ಬ್ಯಾಡ," ಎಂದಳು ಆಸೆಯಿಂದ. ಅದಕ್ಕೆ ಬಂದ ಉತ್ತರ ನನಗೂ ಕೇಳಿಸುವಷ್ಟು ಜೋರಾಗಿತ್ತು. "ಅಯ್ಯ ಅಕ್ಕಾ, ನನಗೆಲ್ಲಿ ನೆನಪೈತಿ? ಆ ಕೀಬೋರ್ಡಿನ ಮ್ಯಾಲೆ ಕೈ ಇಟ್ರ ಬೆರಳು ತಾವ ಹೊಡೀತಾವ. ಬಾಯಿಲೆ ಹೇಳಂದ್ರ ಬರಂಗಿಲ್ಲ. ಮುಂದಿನ ವಾರ ನಾನ ಬಂದು ಹೋಗ್ತೀನಿ. ಮಕ್ಕಳ್ನ ಬಾಜೂ ಮನಿಯಾಕಿ ಹತ್ರ ಬಿಟ್ಟು, ಮುಂಜಾನಿ ಬಂದು ಸಂಜೀ ಬಸ್ಸಿಗೆ ಹೊಂಡ್ತೀನಿ."

"ಬಾ, ಕೆಲಸ ಮುಗಿಸಿ ಹೋಗು," ಎಂದಳು ಶಾಂಭವಿ. ಫೋನ್ ಇಟ್ಟು, ಪಕ್ಕಕ್ಕೆ ಜಾರಿದ್ದ ನನ್ನ ತೊಟ್ಟಿಯ ಮುಚ್ಚಳವನ್ನು ಎತ್ತಿ ಗೋಡೆಗೆ ಒರಗಿಸಿ ಹೋದಳು.

ಅಷ್ಟರಲ್ಲಿ ಹೊಸ ಕಂಪ್ಯೂಟರು ಬಂತು. ಹಳೆಯದರ ಪಕ್ಕದಲ್ಲೇ ಇಟ್ಟು, ಅದಕ್ಕೆ ಕುಂಕುಮ ಹಚ್ಚಿ, ಕಾಯಿ ಒಡೆಯುವಷ್ಟರಲ್ಲಿ ಕರೆಂಟು ಹೋಯಿತು. ಹೊಸದು ಆರಿತು. ಹಳೆಯದು ಎಂದಿನಂತೆ ಲೊಚಗುಟ್ಟುತ್ತ ಉರಿಯುತ್ತಿತ್ತು. ನಮಗೆ ಅದರಲ್ಲೇನೂ ಹೊಸದಿರಲಿಲ್ಲ, ಕಾಯಿಯ ಚೂರು ತಿನ್ನುತ್ತ ನಿಂತಿದ್ದೆವು. ಶಾಂಭವಿ ಮಾತ್ರ ಕೈಯಲ್ಲಿದ್ದ ಕಾಯಿ ಬಾಯಿಗೆ ಹೋಗದೆ ಹಾಗೇ ನಿಂತುಬಿಟ್ಟಳು.

"ಯಜಮಾನ್ರ, ಇದು ಕರೆಂಟಿನಿಂದ ನಡಿಯಾಕತ್ತಿಲ್ಲ. ಡಿಸ್ಕಿನಿಂದನೂ ಅಲ್ಲ. ಡಿಸ್ಕು ಎಂದೋ ಹೋಗೈತಿ. ಇಂದೂ ತೆರದಾಳಂತ ಉಸಿರು ಹಿಡ್ಕೊಂಡೈತಿ. ಆಕಿ ಮುಚ್ಚಿದ್ಲಂದ್ರ ಅದೇ ಗಳಿಗ್ಯಾಗ ಸಾಯ್ತೈತಿ. ನಕಲು ಮಾಡಾಕ ಏನೂ ಉಳಿಯಂಗಿಲ್ಲ."

 ತೆರೆದಿದ್ದರೆ ನಕಲಾಗುವುದಿಲ್ಲ, ಮುಚ್ಚಿದರೆ ಇರುವುದೂ ಹೋಗುತ್ತದೆ. ಅತ್ತ ದರಿ, ಇತ್ತ ಪುಲಿ. ಆದರೆ ಶಾಂಭವಿಯ ಮುಖದ ಮೇಲೆ ಬಹಳ ದಿನಗಳ ಮೇಲೆ ಒಂದು ಗೆಲುವು ಕಂಡಿತು, ನಾನು ಅದನ್ನು ಕಣ್ಣಾರೆ ನೋಡಿದೆ. ಅವಳು ಗೋದಾಮಿಗೆ ನಡೆದಳು, ನಾನೂ ಹಿಂದೆ ಹೋದೆ. ಅವಳ ಯೋಚನೆ ಇಷ್ಟೇ: ಇಷ್ಟು ದಿನ ಯುನಿಕ್ಸು ವಿಂಡೋಸಿನ ಮನೆಗೆ ಬಂದು ತೆಗೆದುಕೊಂಡು ಹೋಗುತ್ತಿತ್ತು. ಅದನ್ನು ತಿರುಗಿಸಬೇಕು. ಯುನಿಕ್ಸು ತನ್ನದೇ ಒಂದು ಫೋಲ್ಡರನ್ನು ತಂತಿಯ ಮೇಲೆ ಹಂಚಿಡಬೇಕು. ಇಂದುಮತಿ ತನ್ನ ಪರದೆಯಲ್ಲಿ ತೆರೆದದ್ದನ್ನು ಮುಚ್ಚದೆಯೇ, ತನ್ನ ಕೈಯಿಂದಲೇ ಆ ಕಡೆ ಉಳಿಸಬೇಕು. ತೆರೆದದ್ದು ಯಂತ್ರದ ನೆನಪಿನಲ್ಲೇ ಇರುವುದರಿಂದ ಡಿಸ್ಕಿನ ಹಂಗೇ ಬೇಡ. ಹೇಳಲು ಒಂದು ಮಾತು, ಮಾಡಲು ಶಾಂಭವಿಗೆ ಮುಂದಿನ ದಿನಗಳೆಲ್ಲ ಹಿಡಿದವು. ಯುನಿಕ್ಸು ವಿಂಡೋಸಿಗೆ ಬಾಗಿಲು ತೋರಿಸುತ್ತಿತ್ತು, ಒಳಗೆ ಬಿಡುತ್ತಿರಲಿಲ್ಲ. ಬಿಟ್ಟರೆ ಓದಲು ಬಿಡುತ್ತಿತ್ತು, ಬರೆಯಲು ಬಿಡುತ್ತಿರಲಿಲ್ಲ. ಅಂತೂ ತನ್ನ ಹೆಸರಿನಿಂದ ಒಂದು ಸಣ್ಣ ನಕ್ಷೆಯನ್ನು ಆ ಕಡೆ ದಾಟಿಸಿ, "ಹೋಗಾಕತ್ತೈತಿ ಅಣ್ಣಾ" ಎಂದು ನನ್ನ ಕಟ್ಟೆಗೆ ಬಂದು ಕೂತು ಬಿಸ್ಕತ್ತು ಕೇಳಿದಳು.

ಇಂದುಮತಿ ಮುಂಜಾನೆಯ ಬಸ್ಸಿಗೆ ಬಂದಳು. ಸ್ವಲ್ಪ ಸೊರಗಿದ್ದಳು, ಬಾಯಿ ಸೊರಗಿರಲಿಲ್ಲ. ಬರುತ್ತಲೇ ನನ್ನ ಕೂದಲು ನೋಡಿ "ಮಾನಪ್ಪಣ್ಣ, ತಲೀಗೂ ಒಂದೀಟು ನೀಲಿ ಹಚ್ಚೋ" ಎಂದಳು. ಶಾಂಭವಿಯ ಕೈ ಹಿಡಿದುಕೊಂಡಳು. ಆಮೇಲೆ ತನ್ನ ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿ ಕೀಲಿಗಳ ಮೇಲೆ ಕೈ ಇಟ್ಟಳು. ಬೆರಳುಗಳು ತಾವೇ ಓಡಿದವು. ಬೀಗ ತೆರೆದುಕೊಂಡಿತು.

ಪರದೆಯ ಮೇಲೆ, ಹಳೆಯ ಅಂಚುಗಳೆಲ್ಲ ಮುಗಿದ ಮೇಲೆ ಕೊನೆಯಲ್ಲಿ, ಅವಳದೇ ಒಂದು ಹೊಸ ಅಂಚು ಅರ್ಧ ಬಿಡಿಸಿದ್ದು ಇತ್ತು. ಇರುವೆಗಳ ಸಾಲು. ಒಂದರ ಹಿಂದೆ ಒಂದು ಹೋಗುತ್ತ ಹೋಗುತ್ತ ಖಾಲಿ ಚೌಕಗಳ ಹತ್ತಿರ ನಿಂತುಬಿಟ್ಟಿತ್ತು. ಇಂದುಮತಿ ಅದನ್ನು ನೋಡಿ ಹಣೆ ಚಚ್ಚಿಕೊಂಡು ನಕ್ಕಳು.

"ಅಯ್ಯ ಶಿವನ, ಇದನ್ನ ನಾ ಮುಚ್ಚೇ ಇಲ್ಲೇನು! ಆವತ್ತು ಬಸ್ಸಿನಂವ ಒಂದ ಸಮ ಹಾರ್ನ್ ಹೊಡ್ಯಾಕತ್ತಿದ್ದ, ಅತ್ತಿಗೀ ಸುದ್ದಿ ಕೇಳಿ ತಲಿ ನೆಟ್ಟಗಿರಲಿಲ್ಲ. ಹಂಗ ಮರ್ತು ಎದ್ದು ಹೋಗೀನಿ ನೋಡು!"

 ನಾನು ಶಾಂಭವಿಯ ಮುಖ ನೋಡದೆ ಬೇವಿನ ಮರದ ಕಡೆ ನೋಡಿದೆ. ಇಷ್ಟು ಕಾಲ ದಿನವೂ ಮಧ್ಯಾಹ್ನ ಅವಳು ಓದಿ ಬದುಕಿದ್ದು ಒಂದು ಮರೆವನ್ನು. ನನಗೆ ಸಂಕಟವಾಯಿತು, ಸಿಟ್ಟೂ ಬಂತು. ಯಾರ ಮೇಲೆ ಎಂದು ಮಾತ್ರ ತಿಳಿಯಲಿಲ್ಲ. ಶಾಂಭವಿ ಮೂಗಿನ ತುದಿ ಉಜ್ಜಿಕೊಂಡು ತನ್ನ ಸ್ಟೂಲನ್ನು ಹತ್ತಿರ ಎಳೆದುಕೊಂಡಳು.

"ಮುಚ್ಚಬ್ಯಾಡ. ಮೊದಲು ಇಲ್ಲಿ ಒತ್ತು. ಬ್ಯಾರೆ ಕಡೆ ಒಂದು ಪ್ರತಿ ಉಳಿಸು ಅಂತ ಐತೆಲ್ಲ, ಅದು. ಈಗ ಗೋದಾಮಿನ ಫೋಲ್ಡರು ಆರಿಸು."

ಇಂದುಮತಿ ಒತ್ತಿದಳು. ಪರದೆ 'ನಿನಗೆ ಅನುಮತಿ ಇಲ್ಲ' ಎಂದಿತು. ಡಬ್ಬದೊಳಗಿನಿಂದ ಲೊಚ್ ಎಂದು ಸದ್ದು ಬಂತು, ಅಭ್ಯಾಸದಿಂದ ಗುರುಪಾದಪ್ಪನವರ ಕೈ ನೆಲದತ್ತ ಹೋಗಿ ಅರ್ಧಕ್ಕೆ ನಿಂತಿತು. ಶಾಂಭವಿ ಎದ್ದು ಗೋದಾಮಿಗೆ ಹೋದಳು. ಅವಸರ ಮಾಡದವಳು ಅಂದು ಓಡಿದಳು. ಕಪ್ಪು ಪರದೆಯ ಯಂತ್ರಕ್ಕೆ ಇಂದುಮತಿ ಯಾರೆಂದೇ ಗೊತ್ತಿರಲಿಲ್ಲ, ಅವಳೆಂದೂ ಆ ಕಡೆ ಕೆಲಸ ಮಾಡಿದವಳಲ್ಲ. ಶಾಂಭವಿ ತನ್ನ ಹೆಸರಿನಿಂದ ಪರೀಕ್ಷಿಸಿದ್ದಳೇ ಹೊರತು ಇವಳ ಹೆಸರು ಬರೆಸಿರಲಿಲ್ಲ. ಈಗ ಬರೆದಳು, ಬರೆಯುವ ಹಕ್ಕು ಕೊಟ್ಟಳು, ಗೋದಾಮಿನ ಕಿಟಕಿಯಿಂದಲೇ "ಮತ್ತ ಒತ್ತು!" ಎಂದು ಕೂಗಿದಳು. ಇಂದುಮತಿ ಒತ್ತಿದಳು. ಪರದೆಯ ಮೇಲೆ ಹಸಿರು ಪಟ್ಟಿ ಹೊರಟಿತು, ಅರ್ಧಕ್ಕೆ ಬಂತು, ಅಲ್ಲಿ ನಿಂತು ಯೋಚನೆ ಮಾಡಿತು, ಆಮೇಲೆ ಮುಂದೆ ಸರಿದು ತುದಿ ಮುಟ್ಟಿತು.

ಬಂತು ಎಂದರೆ ಸಾಲದು, ಬಂದದ್ದು ಕೆಲಸಕ್ಕೆ ಬರುತ್ತದೆಯೇ ನೋಡಬೇಕು ಎನ್ನುವವಳು ಶಾಂಭವಿ. ಯುನಿಕ್ಸಿನ ಕಡೆಯಿಂದ ಆ ಫೈಲು ತೆರೆದು, ಕಣ್ಣಿಗೆ ಬಿದ್ದ ಒಂದು ಅಂಚನ್ನು ರಟ್ಟಿನ ಯಂತ್ರಕ್ಕೆ ಕೊಟ್ಟಳು. ಟಕಟಕ ಎಂದು ತೂತು ಬಿದ್ದ ರಟ್ಟುಗಳು ಹೊರಬಂದವು. ಗುರುಪಾದಪ್ಪನವರು ಒಂದನ್ನು ಎತ್ತಿ ಬಾಗಿಲ ಬೆಳಕಿಗೆ ಹಿಡಿದರು, ಇನ್ನೊಂದನ್ನು ಹಿಡಿದರು. ತುಟಿ ಅಲ್ಲಾಡಿಸುತ್ತ ಎಳೆ ಎಣಿಸಿದರು. "ಇದು ನಮ್ಮವ್ವನ ಧಾರಿ ಸೀರಿ ಅಂಚಲ್ಲೇನು," ಎಂದರು. ಆಮೇಲೆ ಭಾಷಣವನ್ನೇನೂ ಮಾಡಲಿಲ್ಲ. ರಟ್ಟುಗಳನ್ನು ಎದೆಗವಚಿಕೊಂಡು, ಮಗ್ಗದವರಿಗೆ ತೋರಿಸಲು ಚಪ್ಪಲಿಯನ್ನೂ ಮೆಟ್ಟದೆ ಹೊರಟುಹೋದರು. ಉಳಿದವರೂ ಅವರ ಹಿಂದೆ ಹೋದರು.

ನಕ್ಷೆಯ ಕೋಣೆಯಲ್ಲಿ ಇವರಿಬ್ಬರೇ ಉಳಿದರು. ನಾನು ಚಹಾದ ಲೋಟಗಳನ್ನು ಒಟ್ಟುಮಾಡುವ ನೆಪದಲ್ಲಿ ಬಾಗಿಲಲ್ಲಿದ್ದೆ. ಸಂಜೆಯ ಬಸ್ಸಿಗೆ ಇನ್ನು ಹೆಚ್ಚು ಹೊತ್ತಿರಲಿಲ್ಲ.

"ಅಕ್ಕಾ, ಈಗ ಮುಚ್ಚಲೇನು?" ಎಂದಳು ಇಂದುಮತಿ. ಅವಳೂ ನಮ್ಮ ಊರಿನವಳೇ. ಆಗಲೇ ಎಲ್ಲರ ಮುಖ ನೋಡಿ ಅವಳಿಗೂ ಎಲ್ಲ ತಿಳಿದಿತ್ತು.

ಶಾಂಭವಿ ಅವಳನ್ನು ನೇರವಾಗಿ ನೋಡಿದಳು. "ಇಂದೂ, ನೀ ಮರ್ತು ಹೋಗಿದ್ದಿ ಅಂತ ನನಗ ಗೊತ್ತಿರಲಿಲ್ಲ. ದಿನಾ ಆ ಒಂದು ಸಾಲು ಓದೇ ನಾ ಬುತ್ತಿ ಬಿಚ್ಚಾಕಿ. ಅಂಚು ಉಳಿದ್ವು, ಅದರದೇನೂ ಚಿಂತಿ ಇಲ್ಲ. ಇನ್ನ ನಿಂದು ಹೇಳು. ಬರಾಕಿ ಇದ್ರ ಹಿಂಗ ಬಿಡು. ಬರಂಗಿಲ್ಲ ಅಂದ್ರ ಮುಚ್ಚಿ ಹೋಗು. ನನ್ನ ಸಮಾಧಾನಕ್ಕಂತ ತೆರೆದಿಡಬ್ಯಾಡ, ನಾ ಖರೇನ ಕಾಯಾಕಿ."

ಆ ಮಾತು ಅವಳ ಬಾಯಿಂದ ಬಂದೇಬಿಟ್ಟಿತು. ಬೈಗುಳವಾಗಿ ಅಲ್ಲ, ಬೇಡಿಕೆಯಾಗಿ. ಈ ಊರಿನಲ್ಲಿ ಅದನ್ನು ಹಾಗೆ ಯಾರೂ ಆಡಿದ್ದನ್ನು ನಾನು ಕೇಳಿರಲಿಲ್ಲ.

"ಮಕ್ಕಳು ಒಂದು ದಡಕ್ಕ ಹತ್ತೂಮಟ ಬರಾಕಾಗಂಗಿಲ್ಲ ಅಕ್ಕಾ," ಎಂದಳು ಇಂದುಮತಿ.

"ಆತು."

"ಸಣ್ಣಾಕೀಗೆ ಇನ್ನೂ ಜಡಿ ಹಾಕ್ಕೊಳ್ಳಾಕೂ ಬರಂಗಿಲ್ಲ."

"ಆತು ಅಂದ್ನೆಲ್ಲ."

ಇಂದುಮತಿ ಪರದೆಯ ಕಡೆ ತಿರುಗಿದಳು. ಇರುವೆಗಳ ಸಾಲು ನಿಂತಿದ್ದ ಜಾಗಕ್ಕೆ ಹೋಗಿ ಚೌಕದ ಮೇಲೆ ಚೌಕ ತುಂಬತೊಡಗಿದಳು. ನಾನು ಬಾಗಿಲಲ್ಲೇ ಲೋಟ ಹಿಡಿದು ನಿಂತಿದ್ದೆ. ತಲೆ, ಸೊಂಟ, ಕಾಲು, ಮೀಸೆ. ಒಂದು ಇರುವೆ ಮುಗಿಯಿತು. ದೂರದಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು. ಅವಳು ಎದ್ದು, ಚೀಲ ಹೆಗಲಿಗೆ ಹಾಕಿ, ಕುರ್ಚಿಯನ್ನು ಮೇಜಿನ ಕೆಳಗೆ ತಳ್ಳಿದಳು.

"ಹೋದ ಸಲ ಮರ್ತು ಹೋಗಿದ್ದೆ. ಈ ಸಲ ಮರ್ತಿಲ್ಲ," ಎಂದಳು. ಶಾಂಭವಿಯ ಕೆನ್ನೆಯನ್ನು ಒಮ್ಮೆ ಮುಟ್ಟಿ, ಹಿಂದಕ್ಕೆ ನೋಡದೆ ಅಂಗಳ ದಾಟಿ ಹೋದಳು.

ಬಸ್ಸು ಹೊರಟ ಸದ್ದು ಪೂರ್ತಿ ಅಡಗಿದ ಮೇಲೆ ಶಾಂಭವಿ ಪರದೆಯ ಮುಂದೆ ಕೂತಳು. ಹೊಸ ಇರುವೆಯನ್ನು ನೋಡಿದಳು, ಮೂಲೆಯಲ್ಲಿದ್ದ ಯಾವುದೋ ಗುರುತನ್ನು ನೋಡಿದಳು, ಗೋದಾಮಿನಲ್ಲಿದ್ದ ನಕಲನ್ನು ಪಕ್ಕದ ಹೊಸ ಕಂಪ್ಯೂಟರಿನಲ್ಲಿ ತೆರೆದು ನೋಡಿದಳು. ಅದರಲ್ಲಿ ಊರಿನ ಅಂಚುಗಳೆಲ್ಲ ಇದ್ದವು, ಈ ಒಂದು ಇರುವೆ ಇರಲಿಲ್ಲ. ಇದು ಈ ಪರದೆಯ ಮೇಲಷ್ಟೇ ಇತ್ತು. ಉಳಿಸುವುದೂ ಮುಚ್ಚಿದ ಹಾಗೆಯೇ, ತೆರೆದ ಕೈಯಲ್ಲದೆ ಬೇರೆ ಯಾರ ಕೈಯಿಂದಲೂ ಆಗುವುದಿಲ್ಲ.

"ಸೇವ್ ಮಾಡ್ಲಾರದ ಹೋಗ್ಯಾಳ ನೋಡು ಮಾನಪ್ಪಣ್ಣ," ಎಂದಳು. ಹೇಳುತ್ತ ಹೇಳುತ್ತ ನಗತೊಡಗಿ, ನಗುತ್ತಲೇ ಸೆರಗಿನಿಂದ ಕಣ್ಣು ಒರೆಸಿಕೊಂಡಳು.